ಳ ಸಾಲಲಿಲ್ಲ

ಬೊಳ್ಳವ್ವನ ಮೊದಲ ಕಾದಂಬರಿಗೆ ಮೊಳೆ ಜೋಡಿಸಿದವಳು ನಾನು,
ವಿರಾಜಪೇಟೆ ಗಡಿಯಾರ ಕಂಬದ ಹಿಂದಿನ ಓಣಿ, ಉತ್ತಯ್ಯನ ಪ್ರೆಸ್ಸು.
ಜನ ಓದಿದ್ದು ಎಡದಿಂದ ಬಲಕ್ಕೆ.
ನಾನು ತಲೆಕೆಳಗು, ಕನ್ನಡಿಯೊಳಗಿನ ಹಾಗೆ.
ಆದರೂ ಆರನೇ ಪುಟಕ್ಕೇ ಅಳು ಬಂತು,

ಹನ್ನೊಂದನೇ ಪುಟಕ್ಕೆ ಳ ಮುಗಿಯಿತು.

ಬಂದಳು, ನಿಂತಳು, ಬೇಡ ಎಂದಳು, ಬಾಗಿಲು ಹಾಕಿಕೊಂಡಳು —
ಸಾಲು ಸಾಲಿನ ಕೊನೆಗೂ ಒಬ್ಬಳು.
ನಮ್ಮ ಪೆಟ್ಟಿಗೆಯಲ್ಲಿ ಳದ ಗೂಡು ಎಡಮೂಲೆಯದು, ಚಿಕ್ಕದು;
ಮದುವೆ ಕರೆಯೋಲೆ, ಹರಾಜು ನೋಟೀಸು, ಸೊಸೈಟಿ ವರದಿಗೆ
ಅಷ್ಟು ಸಾಕಾಗುತ್ತಿತ್ತು ಅಲ್ಲಿಯವರೆಗೆ.
ನ ಮಾತ್ರ ಬೊಗಸೆಗಟ್ಟಲೆ.

ಉತ್ತಯ್ಯ ಕನ್ನಡಕ ಸರಿಸಿ ಅಂದ:
'ನತಾಲಿ, ನಾಲ್ಕು ಕಡೆ ಅವನು ಮಾಡಿಬಿಡು, ಕಥೆಗೇನಾಗುತ್ತದೆ?'
ಬೊಳ್ಳವ್ವ ಅಲ್ಲೇ ಸ್ಟೂಲಿನ ಮೇಲೆ ಕರಡು ತಿದ್ದುತ್ತಿದ್ದಳು.
ತಲೆ ಎತ್ತಲಿಲ್ಲ.
'ಮಂಗಳೂರಿಂದ ತರಿಸಿ. ಬಸ್ ಚಾರ್ಜು ನನ್ನದು.'

ಬರುವವರೆಗೆ ನಾಲ್ಕು ನಾಲ್ಕೇ ಪುಟ ಅಚ್ಚು ಹಾಕಿ,
ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿದೆ.
ಎಂಟನೇ ಪುಟದಲ್ಲಿ ಓಡಿಹೋದ ಹುಡುಗಿಯ ಳ
ನಲವತ್ತರಲ್ಲಿ ಅವಳ ಅತ್ತೆಗೆ ಬಂತು.
ಅಷ್ಟರಲ್ಲಿ ಅಂಚು ಸವೆದಿತ್ತು.

ಕಥೆ ಇಷ್ಟೆ: ಗಂಡು ಹುಟ್ಟಿದರೆ ಗುಂಡು ಹಾರಿಸುವ ನಾಡಿನಲ್ಲಿ
ಸದ್ದಿಲ್ಲದೆ ಹುಟ್ಟಿದವಳು
ಅಕ್ಕಪಕ್ಕದ ಮನೆಗಳ ಗುಂಡು ಎಣಿಸುತ್ತ ದೊಡ್ಡವಳಾಗುವುದು.
ಮುಖಪುಟದಲ್ಲಿ ತವರಿನ ಮನೆಹೆಸರು.
ಗಂಡನ ಕಡೆಯವರು ಒಳಗೆ ಓದಲೇ ಇಲ್ಲ,
ಮುಖಪುಟಕ್ಕೇ ಜಗಳ ತೀರಿತು.
ಎರಡನೆಯದಕ್ಕೆ ಗಂಡನ ಮನೆಹೆಸರು;
ಆ ವರ್ಷ ತವರಿನವರು ಹುತ್ತರಿಗೆ ಕರೆಯಲಿಲ್ಲ.
ಮೂರನೆಯದಕ್ಕೆ ಬರೀ ಬೊಳ್ಳವ್ವ.
ಯಾವ ಮನೆ ಅಂತ ಹಾಕಲಿ ಅಂದರೆ
'ಎರಡೂ ಬಾಡಿಗೆಯವು, ಬಿಡು' ಅಂದಳು.

ಬರೆಯುತ್ತಿದ್ದದ್ದು ತೋಟದ ಲೆಕ್ಕದ ಪುಸ್ತಕದಲ್ಲಿ,
ಎಡಪುಟ ಕಾಫಿ ಕುಯ್ಲಿನ ತೂಕಕ್ಕೆ, ಬಲಪುಟ ಕಾದಂಬರಿಗೆ.
ಒಮ್ಮೆ ನಿದ್ದೆಗಣ್ಣಲ್ಲಿ ನಾನು
'ಚೋಮಿ, ನಲವತ್ತೆರಡು ಕೆಜಿ' ಎಂಬುದನ್ನೂ ಜೋಡಿಸಿಬಿಟ್ಟೆ,
ಮದುಮಗಳು ಅಳುವ ಸಾಲಿನ ನಡುವೆ.
ಕರಡಿನಲ್ಲಿ ಅದನ್ನು ಹೊಡೆದುಹಾಕದೆ
ಬಹಳ ಹೊತ್ತು ನೋಡಿದಳು.
ಮೂರನೆಯ ಕಾದಂಬರಿ ಅಲ್ಲಿಂದ.

ಮಡಿಕೇರಿಯಲ್ಲಿ ಶಾಲು ಹೊದಿಸಿದರು,
ಗೋಣಿಕೊಪ್ಪದಲ್ಲಿ ಪ್ರತಿ ಹರಿದರು.
ಎರಡು ದಿನವೂ ಸಂಜೆ ಪ್ರೆಸ್ಸಿಗೆ ಬಂದು ಟೀ ಕುಡಿದು ಹೋದಳು.
ಹೆದರಿದ್ದು ಒಮ್ಮೆ. ಬೇಟೋಳಿಯ ಕಣದಲ್ಲಿ
ಕಾಫಿ ಕೆದರುತ್ತಿದ್ದ ಚೋಮಿ ಹಲಗೆ ನಿಲ್ಲಿಸಿ ಕೇಳಿದಾಗ:
'ನನ್ನ ಕಥೆ ಬರೆದಿರಂತೆ.
ಅದರಲ್ಲಿ ನನಗೆ ಕೂಲಿ ಎಷ್ಟು?'
ಆ ಸಂಜೆ ಟೀ ಹಾಗೇ ಆರಿತು.
ತೋಟದ ತಕ್ಕಡಿ ಬದಲಾಯಿತು ಅನ್ನುತ್ತಾರೆ, ನಾನು ನೋಡಿಲ್ಲ.
ನಾಲ್ಕನೆಯ ಕಾದಂಬರಿಗೆ ಒಂಬತ್ತು ವರ್ಷ ಹಿಡಿಯಿತು.

ಅದು ಮೈಸೂರಲ್ಲಿ, ಕಂಪ್ಯೂಟರಿನಲ್ಲಿ ಆಯಿತು.
ಅಲ್ಲಿ ಳ ಮುಗಿಯುವುದೇ ಇಲ್ಲವಂತೆ.
ಉತ್ತಯ್ಯನ ಮಗ ಮೊಳೆಗಳನ್ನೆಲ್ಲ ತೂಕಕ್ಕೆ ಮಾರಿದ.
ಕೊಂಡವನು ಮೀನುಬಲೆಗೆ ಗುಂಡು ಎರೆಯುವವನೋ,
ಕೋವಿಗೆ ಎರೆಯುವವನೋ,
ಕೇಳಲಿಲ್ಲ ನಾನು. ಸೀಸ ಸೀಸವೇ.

ಕಕ್ಕಡದ ಒಂದು ಬೆಳಿಗ್ಗೆ ಬೇಟೋಳಿ ಕಡೆಯಿಂದ
ಎರಡು ಗುಂಡು, ಒಂದರ ಬೆನ್ನಿಗೆ ಒಂದು.
ಸಾವಿಗೆ ಎರಡು.
ಅದರಲ್ಲಿ ಹೆಣ್ಣು ಗಂಡು ನೋಡುವುದಿಲ್ಲ.

ಮರುದಿನ ಪತ್ರಿಕೆಯಲ್ಲಿ: ನಿಧನರಾದರು. ಬರೆದಿದ್ದರು. ಬಾಳಿದರು.
ಗೌರವದ ರು. ಅದೂ ನೋಡುವುದಿಲ್ಲ.
ಸರಿಯೇ ಇರಬಹುದು,
ಎದುರಿಗೆ ನಾನೂ 'ಅವ್ವ, ನೀವು' ಎಂದೇ ಕರೆದವಳು.
ಆದರೆ ಓದುತ್ತ ಓದುತ್ತ ಬಲಗೈಯ ಎರಡು ಬೆರಳು
ಊಟದ ಮೇಜಿನ ಎಡಮೂಲೆಗೆ ಹೋಗಿ
ಅಲ್ಲಿಲ್ಲದ ಗೂಡಿನಲ್ಲಿ ತಡಕಾಡುತ್ತಿದ್ದವು.